ವಿಂಡೋಸ್‌ನ ಕಪ್ಪು ಕಿಟಕಿಯಲ್ಲಿ (ಕಮಾಂಡ್ ಪ್ರಾಂಪ್ಟ್) ಕನ್ನಡ ಕೆಟ್ಟು ಕಂಡರೆ ಎಂತ ಮಾಡಬೇಕು?

ಮೊದಲು ಫೈಲಿನ ಒಂದು ಕಾಪಿ ತೆಗೆದಿಡಿ. ಸೇವ್ ಮಾತ್ರ ಒತ್ತಬೇಡಿ.

ನಮ್ಮ ಕಾಸರಗೋಡಿನಲ್ಲಿ ಯಾವ ಪಟ್ಟಿ ತೆಗೆದರೂ ಕನ್ನಡ, ಮಲಯಾಳ ಎರಡೂ ಇರುತ್ತವೆ ಅಲ್ವಾ. ಬದಿಯಡ್ಕದ ಹತ್ತಿರದ ಒಂದು ಚಿಕ್ಕ ಲೈಬ್ರರಿಯ ಪುಸ್ತಕಪಟ್ಟಿಯನ್ನು ಕಮಾಂಡ್ ಪ್ರಾಂಪ್ಟ್‌ನಲ್ಲಿ ತೆರೆದಾಗ ಅಕ್ಷರ ಕೆಟ್ಟು ಕಂಡವು, ಗಾಬರಿಯಲ್ಲಿ ನಾನು ಅದನ್ನು ನೋಟ್‌ಪ್ಯಾಡಿನಲ್ಲಿ ಆನ್ಸಿ (ಕನ್ನಡ ಹಿಡಿಸದ ಹಳೆಯ ಕ್ರಮ) ಅಂತ ಸೇವ್ ಮಾಡಿಬಿಟ್ಟೆ. ಎಲ್ಲ ಪ್ರಶ್ನೆ ಚಿಹ್ನೆ! ಪಟ್ಟಿಯನ್ನು ಪುನಃ ಟೈಪ್ ಮಾಡಬೇಕಾಯಿತು.

ಹಾಗಾಗಿ ಏನು ಕಾಣುತ್ತಿದೆ ಅಂತ ಸರಿಯಾಗಿ ನೋಡಿ. ಬರೀ ಚೌಕಗಳಾದರೆ ಹೆಚ್ಚಾಗಿ ಫಾಂಟ್ ಇಲ್ಲ, ಅಷ್ಟೆ. ಒಂದು ‘ಕ’ ಇರಬೇಕಾದ ಕಡೆ ಮೂರು ವಿಚಿತ್ರ ಗುರುತು ಕಂಡರೆ ಫೈಲ್ ಚೆನ್ನಾಗಿಯೇ ಇದೆ, ಓದುವ ಕ್ರಮ ತಪ್ಪಿದೆ: ಎಲ್ಲ ಭಾಷೆಯ ಅಕ್ಷರವನ್ನೂ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ‘ಕ’ಕ್ಕೆ 3 ಬೈಟ್ ಬೇಕು, ಮಲಯಾಳದ ‘ಕ’ಕ್ಕೂ ಅಷ್ಟೇ, ಹಳೆಯ ಕೋಡ್ ಪೇಜ್ (ಯಾವ ಬೈಟಿಗೆ ಯಾವ ಅಕ್ಷರ ಅನ್ನುವ ಪಟ್ಟಿ) ಆ ಮೂರನ್ನೂ ಬಿಡಿಬಿಡಿಯಾಗಿ ತೋರಿಸುತ್ತದೆ. ಪ್ರಶ್ನೆ ಚಿಹ್ನೆ ಕಂಡರೆ ನೋಟ್‌ಪ್ಯಾಡಿನಲ್ಲೂ ತೆರೆದು ನೋಡಿ. ಅಲ್ಲೂ ಅದೇ ಇದ್ದರೆ ಅಕ್ಷರ ಹೋಯಿತು, ಹಿಂದೆ ಚೆನ್ನಾಗಿದ್ದಾಗ ತೆಗೆದಿಟ್ಟ ಕಾಪಿಯೇ ಗತಿ.

ಈಗ ಕಪ್ಪು ಕಿಟಕಿಯಲ್ಲಿ ಸಿಎಚ್‌ಸಿಪಿ ಅನ್ನುವ ನಾಲ್ಕು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಈಗಿನ ಕೋಡ್ ಪೇಜಿನ ನಂಬರ್ ಕಾಣುತ್ತದೆ. 437 ಅಂತ ಬಂದರೆ ಅದರಲ್ಲಿ ಇರುವುದೇ 256 ಜಾಗ, ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಅದೇ ನಾಲ್ಕು ಅಕ್ಷರ ಆದ ಮೇಲೆ ಜಾಗ ಬಿಟ್ಟು 65001 ಹಾಕಿದರೆ ಯುಟಿಎಫ್-8 ಆಗುತ್ತದೆ. ಇದು ಆ ಕಿಟಕಿ ಮುಚ್ಚುವವರೆಗೆ ಮಾತ್ರ, ಹೊಸದು ತೆರೆದರೆ ಮತ್ತೆ ಹಾಕಬೇಕು. ಇಷ್ಟು ಮಾಡಿದ ಮೇಲೂ ಹಳೆಯ ಕಿಟಕಿಯಲ್ಲಿ ಒತ್ತಕ್ಷರ ಸರಿಯಾಗಿ ಕೂರದೆ ಹೋಗಬಹುದು, ಅದಕ್ಕೆ ಹೆದರಬೇಡಿ. ವಿಂಡೋಸ್ ಟರ್ಮಿನಲ್ ಅನ್ನುವ ಹೊಸ ಕಿಟಕಿ ಹಾಕಿಕೊಂಡರೆ ಎಷ್ಟೋ ವಾಸಿ.

ಲಿನಕ್ಸ್‌ನವರಿಗೆ ತಲೆನೋವು ಕಡಿಮೆ. ಅಲ್ಲಿನ ಕಿಟಕಿಯಲ್ಲಿ ಲೊಕೇಲ್ (ಭಾಷೆಯ ಸೆಟ್ಟಿಂಗ್ ತೋರಿಸುವ ಕಮಾಂಡ್) ಅಂತ ಕೊಟ್ಟು, ಸಾಲಿನ ಕೊನೆಯಲ್ಲಿ ಯುಟಿಎಫ್-8 ಇದೆಯಾ ನೋಡಿದರೆ ಸಾಕು.

ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವರು ಫೈಲ್ ತೆರೆಯುವ ಸಾಲಿನಲ್ಲೇ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆದುಬಿಡಿ, ಓದುವಾಗಲೂ, ಬರೆಯುವಾಗಲೂ. ಕಿಟಕಿಯ ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಫೈಲ್ ಓದುವ ಕ್ರಮ ಬದಲಾಗುವುದಿಲ್ಲ, ಸುಮಾರು ಜನ ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿಗೆ ಮಾತ್ರ ಇದ್ಯಾವುದೂ ನಾಟುವುದಿಲ್ಲ. ಅದರೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಕನ್ನಡದ ರೂಪ ಕೊಡುವುದು ಫಾಂಟ್. ಅದನ್ನು ಕನ್ವರ್ಟರ್‌ನಲ್ಲಿ ಯುನಿಕೋಡ್‌ಗೆ ಬದಲಿಸಿಕೊಂಡೇ ಕಪ್ಪು ಕಿಟಕಿಗೆ ತನ್ನಿ.