ಕಾರವಾರದ ಮಳೆಗಾಲದಲ್ಲಿ ಸಿಒಎಫ್ ಮಾಡುವವರಿಗೆ

ನಮ್ಮ ಕಾರವಾರದಲ್ಲಿ ಜೂನ್ ಬಂತೆಂದರೆ ಡಬ್ಬಿಯೊಳಗಿನ ಉಪ್ಪೂ ನೀರಾಗುತ್ತದೆ. ಅದಕ್ಕೇ ಎಂಎಸ್ಸಿ ಪ್ರಾಜೆಕ್ಟಿಗೆ ಸಿಒಎಫ್ ಮಾಡ್ತೇನೆ ಅಂತ ಬರುವ ಮಕ್ಕಳಿಗೆ ಬೋರಾನ್ ಕೊಂಡಿ ಬೇಡ ಅಂತಲೇ ಶುರುಮಾಡುತ್ತೇನೆ. ಸಿಒಎಫ್ (ಕೋವೇಲೆಂಟ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್) ಅಂದರೆ ಸಣ್ಣ ಸಾವಯವ ಅಣುಗಳನ್ನು ಗಟ್ಟಿ ಬಂಧದಲ್ಲಿ ಹೆಣೆದ, ಮೈತುಂಬ ತೂತಿರುವ ಹರಳು. 2005ರಲ್ಲಿ ರಸಾಯನ ವಿಜ್ಞಾನಿ ಓಮರ್ ಯಾಘಿ ತಂಡ ಮಾಡಿದ ಮೊದಲನೆಯವು ಬೋರಾನಿನವೇ. ಚೆಂದ ನಿಜ, ಆದರೆ ತೇವ ತಾಗಿದರೆ ಕೊಂಡಿ ಬಿಚ್ಚಿಕೊಳ್ಳುತ್ತದೆ.

ತೂತಿನ ಆಕಾರ ಕಾಗದದ ಮೇಲೇ ತೀರ್ಮಾನವಾಗುತ್ತದೆ. ಮೂರು ಕೈಯ ಅಣುವಿಗೆ ಎರಡು ಕೈಯ ನೇರ ಅಣು ಸೇರಿಸಿದರೆ ಆರು ಮೂಲೆಯ ತೂತು. ಮೂರು ಕೈಯದರ ಬದಲು ಪಾರ್ಫಿರಿನ್ ಎಂಬ ನಾಲ್ಕು ಕೈಯ ಚಪ್ಪಟೆ ಅಣು ಆದರೆ ಚೌಕ. ತೂತು ದೊಡ್ಡದಾಗಬೇಕಾದರೆ ನೇರ ಅಣುವನ್ನು ಉದ್ದ ಮಾಡಿ. ಬಳುಕುವ ಅಣು ಮಾತ್ರ ಬೇಡ.

ಇನ್ನು ಹರಳು. ಕೊಂಡಿ ಕೂಡುವಾಗ ಬಿಚ್ಚಿಕೊಳ್ಳಲೂ ಬರಬೇಕು, ಆಗಲೇ ತಪ್ಪಿ ಕೂತ ಅಣು ಎದ್ದು ತನ್ನ ಜಾಗಕ್ಕೆ ಬರುವುದು. ಆದರೆ ಕೊನೆಗೆ ಬಿಚ್ಚಬಾರದು. ಎರಡೂ ಬೇಕು ಅಂದ್ರೆ ಹೇಗೆ, ಅಲ್ವಾ? ಪುಣೆಯ ಎನ್‌ಸಿಎಲ್‌ನಲ್ಲಿ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ರಾಹುಲ್ ಬ್ಯಾನರ್ಜಿ ತಂಡ 2012ರಲ್ಲಿ ದಾರಿ ತೋರಿಸಿತು. ಟ್ರೈಫಾರ್ಮೈಲ್‌ಫ್ಲೊರೋಗ್ಲುಸಿನಾಲ್ ಎಂಬ ಮೂರು ಕೈಯ ಆಲ್ಡಿಹೈಡ್‌ಗೆ ಅಮೀನ್ ಸೇರಿದರೆ ಮೊದಲು ಬಿಚ್ಚಬಲ್ಲ ಇಮೀನ್ ಕೊಂಡಿ, ಆಮೇಲೆ ಬಿಚ್ಚದ ಕೀಟೋಎನಮೀನ್ ಕೊಂಡಿ. ನೀರಿಗೂ ಆಸಿಡ್‌ಗೂ ಜಗ್ಗುವುದಿಲ್ಲ. ನಮ್ಮೂರಿಗೆ ಇದೇ ಸರಿ.

ಇಲ್ಲಿ ಬಳಸುವ ಅಮೀನ್ ಎಂದರೆ ಪಿಪಿಡಿ (ಪ್ಯಾರಾ-ಫಿನೈಲೀನ್‌ಡೈಅಮೀನ್), ತಲೆಗೆ ಹಚ್ಚುವ ಕಪ್ಪು ಡೈಯಲ್ಲಿ ಇರುವುದೇ. ಬಾಟಲಿಯಲ್ಲಿ ಕಪ್ಪಾಗಿದ್ದರೆ ಬಳಸಬೇಡಿ. ಗ್ಲೌಸ್ ಹಾಕಿ, ಹೊಗೆ ಎಳೆಯುವ ಹುಡ್‌ನೊಳಗೇ ಕೆಲಸ ಮಾಡಿ. ಮೋಲ್ ಲೆಕ್ಕದಲ್ಲಿ ಪಿಪಿಡಿ 3, ಆಲ್ಡಿಹೈಡ್ 2. ಗ್ರಾಂ ಲೆಕ್ಕ ಅಲ್ಲ! ಮೊದಲು ಪಿಪಿಡಿಯನ್ನು ಧಾರಾಳ ಪಿಟಿಎಸ್‌ಎ (ಪ್ಯಾರಾ-ಟಾಲ್ಯೂಯಿನ್ ಸಲ್ಫೋನಿಕ್ ಆಸಿಡ್) ಜೊತೆ ಒರಳಲ್ಲಿ ಚೆನ್ನಾಗಿ ಅರೆಯಿರಿ. ಇಲ್ಲಿ ಅವಸರ ಬೇಡ. ಅಮೀನ್ ಉಪ್ಪಾಗಿ ಕೂತರೆ ಆಮೇಲೆ ನಿಧಾನವಾಗಿ ಬಿಟ್ಟುಕೊಡುತ್ತದೆ, ಹರಳು ನೀಟಾಗಿ ಬೆಳೆಯುವುದು ಆ ನಿಧಾನದಿಂದಲೇ. ನಂತರ ಆಲ್ಡಿಹೈಡ್ ಹಾಕಿ ಅರೆದು, ಕೆಲವೇ ಹನಿ ನೀರು ಬಿಟ್ಟು ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. 170 ಡಿಗ್ರಿಯಲ್ಲಿ 1 ನಿಮಿಷ ಸಾಕು, ಕಡುಗೆಂಪಾಗುತ್ತದೆ. ಬಿಸಿನೀರಲ್ಲಿ ಪಿಟಿಎಸ್‌ಎ ಹೋಗುವವರೆಗೆ ತೊಳೆಯಿರಿ. ಕೊನೆಗೆ ಅಸಿಟೋನ್.

ಬಣ್ಣ ನೋಡಿ ಹಿಗ್ಗಬೇಡಿ, ಹರಳಾಗದ ಪುಡಿಯೂ ಕೆಂಪೇ ಇರುತ್ತದೆ. ಎಕ್ಸ್‌ಆರ್‌ಡಿ (ಹರಳಿನ ಜೋಡಣೆ ತೋರಿಸುವ ಎಕ್ಸ್-ರೇ ಪರೀಕ್ಷೆ) ಮಾಡಿಸಿ. 4.7 ಡಿಗ್ರಿ ಕೋನದ ಹತ್ತಿರ ಚೂಪಾದ ಪೀಕ್ ಬಂದರೆ ತೂತುಗಳು ಸಾಲಾಗಿವೆ. 27ರ ಹತ್ತಿರದ ಅಗಲ ಪೀಕ್ ಪದರಗಳದ್ದು. ಬರೀ ಅದೊಂದೇ ಬಂದಿದ್ದರೆ ಪಿಟಿಎಸ್‌ಎ ಹಂತವನ್ನು ಇನ್ನೂ ಹೊತ್ತು ಅರೆದು ಮತ್ತೆ ಮಾಡಿ. ತೂತುಗಳ ಒಳಮೈ ವಿಸ್ತೀರ್ಣ ಅಳೆಯುವ ಬಿಇಟಿ ಪರೀಕ್ಷೆಗೆ ಕೊಡುವಾಗ ವ್ಯಾಕ್ಯೂಮ್‌ನಲ್ಲಿ 120 ಡಿಗ್ರಿಗೆ ರಾತ್ರಿಯಿಡೀ ಬಿಸಿ ಮಾಡಲು ಹೇಳಿ. ಇಲ್ಲದಿದ್ದರೆ ತೂತೊಳಗೆ ಕೂತ ನೀರು ಲೆಕ್ಕ ಕೆಡಿಸುತ್ತದೆ.