ಸೇವಾ ಸಂಖ್ಯೆಯ ಜಾಡು ಹಿಡಿದು ಸೈನಿಕ ಪೂರ್ವಜರನ್ನು ಹುಡುಕುವ ಬಗೆ

ಮನೆಯಲ್ಲಿ ಅಜ್ಜನದೋ ಮುತ್ತಜ್ಜನದೋ ಸೇನಾ ಪದಕ ಉಳಿದಿದ್ದರೆ ಮೊದಲು ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಭಾರತೀಯ ಸೈನಿಕರ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಸೇವಾ ಸಂಖ್ಯೆ (ಸೈನಿಕನನ್ನು ಗುರುತಿಸಲು ಸೇನೆ ಕೊಡುವ ಸಂಖ್ಯೆ), ದರ್ಜೆ, ಹೆಸರು ಮತ್ತು ಪಡೆಯನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಹಬ್ಬದ ಪಾತ್ರೆಗಳೊಂದಿಗೆ ಹುಣಸೆಹಣ್ಣು ಹಚ್ಚಿ ಪದಕವನ್ನು ಉಜ್ಜುವ ಅಭ್ಯಾಸವಿದ್ದರೆ ದಯವಿಟ್ಟು ನಿಲ್ಲಿಸಿ, ಏಕೆಂದರೆ ಆ ಬರಹ ಸವೆದುಹೋದರೆ ಮತ್ತೆ ಸಿಗುವುದಿಲ್ಲ. ಪದಕವಿಲ್ಲದವರು ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಪುಸ್ತಕದಲ್ಲಿ ಅಥವಾ ಪಿಂಚಣಿ ಆದೇಶದಲ್ಲಿ ಸಂಖ್ಯೆಯನ್ನು ಹುಡುಕಬಹುದು.

ಮೊದಲ ಮಹಾಯುದ್ಧದ ಕಾಲದ ಸಂಖ್ಯೆಯಾದರೆ ಅದನ್ನು ಪಡೆಯ ಹೆಸರಿನಿಂದ ಎಂದೂ ಬೇರ್ಪಡಿಸಬಾರದು. ಆಗ ಪ್ರತಿಯೊಂದು ರೆಜಿಮೆಂಟೂ ತನ್ನದೇ ಎಣಿಕೆಯಲ್ಲಿ ಸಂಖ್ಯೆ ಕೊಡುತ್ತಿದ್ದುದರಿಂದ ಒಂದೇ ಸಂಖ್ಯೆ ಹಲವು ಪಡೆಗಳ ಹಲವು ಸಿಪಾಯಿಗಳಿಗೆ ಇರುತ್ತಿತ್ತು. ಪಡೆಗಳ ಹೆಸರೂ ಸ್ಥಿರವಲ್ಲ: 61ನೆಯ ಪಯೊನಿಯರ್ಸ್ 1922ರ ಪುನರ್ರಚನೆಯಲ್ಲಿ ಮದ್ರಾಸ್ ಪಯೊನಿಯರ್ಸ್‌ನ ಮೊದಲ ಬೆಟಾಲಿಯನ್ ಆಯಿತು, 1933ರಲ್ಲಿ ಆ ರೆಜಿಮೆಂಟೇ ವಿಸರ್ಜನೆಗೊಂಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಮಹಾರಾಜರ ಪಡೆಯಾಗಿದ್ದರಿಂದ ಅವರ ವಂಶಸ್ಥರು ಮೈಸೂರು ಸಂಸ್ಥಾನದ ಕಡತಗಳನ್ನೂ ನೋಡಬೇಕು. ಯುದ್ಧದಲ್ಲಿ ಮಡಿದವರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಸಂಖ್ಯೆಯಿಂದಲೇ ಹುಡುಕಬಹುದು; ಅನೇಕರ ನಮೂದಿನಲ್ಲಿ ತಂದೆಯ ಹೆಸರೂ ಊರೂ ಇರುವುದರಿಂದ, ಒಂದೇ ಹೆಸರಿನ ಇಬ್ಬರಲ್ಲಿ ನಮ್ಮವರು ಯಾರೆಂಬುದು ಅಲ್ಲಿ ತಿಳಿಯುತ್ತದೆ.

ಸ್ವಾತಂತ್ರ್ಯಾನಂತರದ ಸಂಖ್ಯೆಗಳು ಇನ್ನೂ ಹೆಚ್ಚು ಹೇಳುತ್ತವೆ. 1965ರ ಯುದ್ಧದಲ್ಲಿ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಅವರ ಸಂಖ್ಯೆ 2639 ಎಂದು ಆರಂಭವಾಗುತ್ತದೆ. ಕಾರ್ಗಿಲ್ ಯುದ್ಧದಲ್ಲಿ ಅದೇ ಗೌರವ ಪಡೆದ ಯೋಗೇಂದ್ರ ಸಿಂಗ್ ಯಾದವ್ ಅವರ ಸಂಖ್ಯೆ 2690572. ಇಬ್ಬರೂ ಗ್ರೆನೇಡಿಯರ್ಸ್ ರೆಜಿಮೆಂಟಿನವರು, ಇಬ್ಬರ ಸಂಖ್ಯೆಯೂ 26ರಿಂದಲೇ ಆರಂಭವಾಗುತ್ತದೆ, ತಡವಾಗಿ ಸೇರಿದವರ ಸಂಖ್ಯೆ ದೊಡ್ಡದು. ಹೀಗಾಗಿ ಮೊದಲ ಅಂಕಿಗಳು ರೆಜಿಮೆಂಟನ್ನೂ ಉಳಿದವು ಸೇರ್ಪಡೆಯ ಸರದಿಯನ್ನೂ ಸೂಚಿಸುತ್ತವೆ. 1971ರಲ್ಲಿ ಹುತಾತ್ಮರಾದ ಆಲ್ಬರ್ಟ್ ಎಕ್ಕಾ ಅವರ ಉದಾಹರಣೆ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಅವರು ಮಡಿದದ್ದು ಬ್ರಿಗೇಡ್ ಆಫ್ ದಿ ಗಾರ್ಡ್ಸ್‌ನ 14ನೆಯ ಬೆಟಾಲಿಯನ್‌ನಲ್ಲಿ. ಆದರೆ 4239746 ಎಂಬ ಅವರ ಸಂಖ್ಯೆ ಮೊದಲು ಸೇರಿದ್ದ ಬಿಹಾರ್ ರೆಜಿಮೆಂಟಿನದು. ಕುಟುಂಬದವರು ಹೇಳುವ ಪಡೆಗೂ ಸಂಖ್ಯೆಗೂ ತಾಳೆಯಾಗದಿದ್ದರೆ ಯಾರದೋ ತಪ್ಪೆಂದು ಬಿಡದೆ ಇಂಥ ವರ್ಗಾವಣೆಯನ್ನು ಊಹಿಸಿ ಹುಡುಕಬೇಕು.

ಸಿಪಾಯಿಯಾಗಿ ಸೇರಿ ನಾಯಬ್ ಸುಬೇದಾರರಾದವರಿಗೆ ಜೆಸಿ (ಜೂನಿಯರ್ ಕಮಿಷನ್ಡ್ ಅಧಿಕಾರಿ) ಎಂದು ಆರಂಭವಾಗುವ ಹೊಸ ಸಂಖ್ಯೆ ಬರುವುದರಿಂದ ಒಬ್ಬರಿಗೇ ಎರಡು ಸಂಖ್ಯೆಗಳಿರಬಹುದು. ಐಸಿ ಎಂದಿದ್ದರೆ ಅವರು ಕಾಯಂ ಕಮಿಷನ್ ಪಡೆದ ಅಧಿಕಾರಿ. ಸಿಪಾಯಿ, ಹವಾಲ್ದಾರರ ಮಾಹಿತಿ ಕೇಳಿ ಆಯಾ ರೆಜಿಮೆಂಟಿನ ದಾಖಲೆ ಕಚೇರಿಗೆ, ಅಂದರೆ ಮರಾಠಾ ಲೈಟ್ ಇನ್‌ಫೆಂಟ್ರಿಯಾದರೆ ಬೆಳಗಾವಿಗೆ, ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರಿಗೆ, ಬರೆಯುವಾಗ ದೊರೆತ ಎಲ್ಲ ಸಂಖ್ಯೆಗಳನ್ನೂ, ಕೊನೆಯಲ್ಲಿ ಇಂಗ್ಲಿಷ್ ಅಕ್ಷರವಿದ್ದರೆ ಅದನ್ನೂ ಸೇರಿಸಿ, ಇದ್ದಂತೆಯೇ ನಮೂದಿಸಬೇಕು.