ಪಾಚಿ ತುಂಬಿದ ನಗರದ ಬೀಚಿಗೆ ಹೋಗುವ ಮುನ್ನ

ಅಮ್ಮನನ್ನೂ ಆರು ವರ್ಷದ ಮಗನನ್ನೂ ಕರೆದುಕೊಂಡು ನಗರದ ಬೀಚಿಗೆ ಮೊದಲ ಸಲ ಹೋದಾಗ ಅರ್ಧ ಗಂಟೆಯಲ್ಲೇ ವಾಪಸಾಗಿದ್ದೆವು. ನಡುಮಧ್ಯಾಹ್ನ, ಪೂರ್ತಿ ಉಬ್ಬರ. ಮೆಟ್ಟಿಲಿಗೂ ನೀರಿಗೂ ಮಧ್ಯೆ ಉಳಿದಿದ್ದ ಹತ್ತು ಹೆಜ್ಜೆ ಜಾಗದ ತುಂಬ ಮೊಣಕಾಲೆತ್ತರದ ಕಂದು ಪಾಚಿ. ಶೌಚಾಲಯಕ್ಕೆ ಬೀಗ, ನಲ್ಲಿಯಲ್ಲಿ ನೀರಿಲ್ಲ. ಪಾಚಿಯ ಮೇಲೆ ಕಾಲಿಟ್ಟ ಅಮ್ಮ ಜಾರಿ ನನ್ನ ಭುಜ ಹಿಡಿದುಕೊಂಡಳು. ಈಗ ಅದೇ ಬೀಚಿಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತೇವೆ, ಎರಡು ಮೂರು ಗಂಟೆ ಕೂತು ಬರುತ್ತೇವೆ. ಬೀಚು ಹಾಗೇ ಇದೆ. ಹೋಗುವ ಹೊತ್ತನ್ನೂ ಚೀಲದ ಸಾಮಾನನ್ನೂ ನಾವು ಬದಲಿಸಿಕೊಂಡೆವು, ಅಷ್ಟೇ.

ಎಲ್ಲಕ್ಕಿಂತ ಮೊದಲು ಇಳಿತದ ಹೊತ್ತು ನೋಡಿಕೊಳ್ಳಿ. ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ನಾಲ್ಕು ಗಂಟೆಗೆ ಇಳಿತವಿದ್ದರೆ ನಾಳೆ ಐದಕ್ಕೆ ಹತ್ತು ನಿಮಿಷ ಇರುವಾಗ. ಫೋನಿನಲ್ಲಿ ಉಬ್ಬರವಿಳಿತದ ಪಟ್ಟಿ ಸುಲಭವಾಗಿ ಸಿಗುತ್ತದೆ. ಇಳಿತಕ್ಕೆ ಒಂದೂವರೆ ಗಂಟೆ ಮೊದಲು ತಲುಪಿದರೆ ಪಾಚಿ ಸಾಲಿನ ಆಚೆ ಒದ್ದೆಯಾದ, ಗಟ್ಟಿ ಮರಳಿನ ಅಗಲ ಪಟ್ಟಿಯೊಂದು ತೆರೆದುಕೊಂಡಿರುತ್ತದೆ. ಮಂಡಿನೋವಿನ ಅಮ್ಮ ಕೋಲಿಲ್ಲದೆ ನಡೆಯುವುದು ಆ ಪಟ್ಟಿಯ ಮೇಲೆ ಮಾತ್ರ. ಉಬ್ಬರದ ಹೊತ್ತಿಗೆ ಹೋದರೆ ಅದೇ ಪಾಚಿ ದಡದಂಚಿನ ನೀರಿನಲ್ಲಿ ತೇಲಾಡುತ್ತ ಕಾಲಿಗೆ ಸುತ್ತಿಕೊಳ್ಳುತ್ತದೆ, ಕೆಳಗೆ ಏನಿದೆಯೋ ಕಾಣುವುದಿಲ್ಲ.

ತಲುಪಿದ ಮೇಲೆ ಕೂಡಲೇ ಚಾಪೆ ಬಿಡಿಸಬೇಡಿ. ಎರಡು ನಿಮಿಷ ನಿಂತು ಪಾಚಿಯ ಸಾಲುಗಳನ್ನು ನೋಡಿ. ಸಾಮಾನ್ಯವಾಗಿ ಎರಡು ಸಾಲಿರುತ್ತವೆ. ಕೆಳಗಿನ ಒದ್ದೆ ಸಾಲು ಕಳೆದ ಉಬ್ಬರ ಎಲ್ಲಿಯವರೆಗೆ ಬಂದಿತ್ತು ಎಂಬುದರ ಗುರುತು. ಮೇಲಿನದು ಒಣಗಿ ಕಪ್ಪಾಗಿ, ಮುಟ್ಟಿದರೆ ಮುರಿಯುವ ಹಾಗಿರುತ್ತದೆ; ಅದು ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರವೋ ಬಿರುಗಾಳಿಯೋ ತಂದುಬಿಟ್ಟದ್ದು. ಮಾಮೂಲಿ ದಿನ ಎರಡರ ನಡುವೆ ಕೂತರೂ ನಡೆಯುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರವಿದ್ದರೆ ಒಣ ಸಾಲಿಗಿಂತ ಮೇಲೆಯೇ ಕೂರಿ.

ಮುಂದಿನ ಕೆಲಸ ಮೂಗಿನದು. ಆಗತಾನೆ ಬಂದ ಪಾಚಿಗೆ ಉಪ್ಪುನೀರಿನ ವಾಸನೆ, ಅಷ್ಟೇ. ಎರಡು ಮೂರು ದಿನ ರಾಶಿಬಿದ್ದು ಕೊಳೆಯತೊಡಗಿದರೆ ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಅದು ಹೈಡ್ರೋಜನ್ ಸಲ್ಫೈಡ್ ಅನಿಲ. ಬಯಲಲ್ಲಿ, ಗಾಳಿಯಾಡುವ ಕಡೆ ಸ್ವಲ್ಪ ನಾತವಿದ್ದರೆ ಗಾಳಿ ಬರುವ ದಿಕ್ಕಿಗೆ ಸರಿದು ಕೂತರೆ ಸಾಕು. ಆದರೆ ಮೇಲೆ ಒಣ ಹೊದಿಕೆ ಕಟ್ಟಿ ಒಳಗೆ ಕೊಳೆತಿರುವ ದಪ್ಪ ರಾಶಿಯನ್ನು ಯಾರೂ ತುಳಿಯಬಾರದು. 2009ರಲ್ಲಿ ಫ್ರಾನ್ಸಿನ ಬ್ರಿಟನಿ ತೀರದಲ್ಲಿ ಅಂಥ ಹಸಿರು ಪಾಚಿಯಲ್ಲಿ ಹೂತುಕೊಂಡ ಕುದುರೆಯೊಂದು ಈ ಅನಿಲದಿಂದಲೇ ಸತ್ತಿತು, ಸವಾರ ಪ್ರಜ್ಞೆ ತಪ್ಪಿ ಬಿದ್ದಿದ್ದ. ಉಬ್ಬಸ ಇರುವವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ನಾತ ಜೋರಾಗಿದ್ದ ದಿನ ವಾಪಸ್ ಹೋಗುವುದೇ ಸರಿ. ಈ ವಿಷಯದಲ್ಲಿ ನಾನು ಮಗನ ಹಟಕ್ಕೆ ಮಣಿಯುವುದಿಲ್ಲ.

ಹಾಗೆಂದು ಪಾಚಿಯನ್ನು ಕಸವೆಂದುಕೊಂಡು ದೂರವಿಡಬೇಡಿ. ಬಕೆಟ್ಟಿನಲ್ಲಿ ಸಮುದ್ರದ ನೀರು ತುಂಬಿ, ಅಲೆ ಈಗಷ್ಟೇ ತಂದ ಒಂದು ಹಿಡಿ ಕಂದು ಪಾಚಿಯನ್ನು ಅದರಲ್ಲಿ ಅಲ್ಲಾಡಿಸಿ. ಸರ್ಗಾಸಮ್ ಜಾತಿಯದಾದರೆ ಎಲೆಗಳ ಬುಡದಲ್ಲಿ ಮೆಣಸಿನ ಕಾಳಿನಂಥ ಗುಳ್ಳೆಗಳು ಕಾಣುತ್ತವೆ. ಒಳಗೆ ಅನಿಲ ತುಂಬಿರುವುದರಿಂದಲೇ ಅದು ತೇಲುವುದು. ಉಗುರಲ್ಲಿ ಒತ್ತಿದರೆ ಟಪ್ಪೆನ್ನುತ್ತದೆ. ಸ್ವಲ್ಪ ಹೊತ್ತು ಕಾದರೆ ನೀರಿನ ತಳದಲ್ಲಿ ಏನೋ ಅಲುಗುತ್ತದೆ: ಪಾರದರ್ಶಕ ಸಿಗಡಿ ಮರಿ, ಅಕ್ಕಿಕಾಳಿನಷ್ಟು ಏಡಿ. ನೋಡಿದ ಮೇಲೆ ಎಲ್ಲವನ್ನೂ ನೀರಿಗೇ ಬಿಡಿ. ದಡದ ಪಾಚಿಯನ್ನು ಕಡ್ಡಿಯಲ್ಲಿ ಎತ್ತಿದರೆ ಸಾಸಿವೆ ಸಿಡಿದ ಹಾಗೆ ಮರಳು ಹುಳಗಳು ಹಾರುತ್ತವೆ, ಹಕ್ಕಿಗಳು ಅಲ್ಲೇ ಕುಕ್ಕುತ್ತಿರುವುದು ಅದಕ್ಕೆ. ಕಡ್ಡಿಯಲ್ಲೇ ಎತ್ತಿ, ಕೈ ಹಾಕಬೇಡಿ. ನಗರದ ಪಾಚಿಯಲ್ಲಿ ಗಾಜಿನ ಚೂರು, ಗಾಳದ ಕೊಕ್ಕೆ ಸಿಕ್ಕಿಕೊಂಡಿರುತ್ತವೆ. ಜೆಲ್ಲಿ ಮೀನಿನ ತುಂಡೂ ಇರಬಹುದು, ಅದು ಸತ್ತ ಮೇಲೂ ಚುಚ್ಚುತ್ತದೆ. ಚುಚ್ಚಿದರೆ ಸಮುದ್ರದ ನೀರಲ್ಲೇ ತೊಳೆಯಿರಿ. ಸಿಹಿನೀರು ಹಾಕಿದರೆ ಚರ್ಮಕ್ಕೆ ಅಂಟಿದ ಉಳಿದ ಕುಟುಕು ಕಣಗಳೂ ಸಿಡಿದು ಉರಿ ಹೆಚ್ಚುತ್ತದೆ.

ನೀರಿಗಿಳಿಯುವ ಮಾತು. ಜೋರು ಮಳೆ ಬಂದು ನಿಂತ ಮೇಲೆ ಮೂರು ದಿನ ನಾವು ನಗರದ ಬೀಚಿನಲ್ಲಿ ಕಾಲೂ ಅದ್ದುವುದಿಲ್ಲ, ಬೀದಿಯ ಕೊಳೆಯೆಲ್ಲ ಚರಂಡಿಗಳ ಮೂಲಕ ಬಂದು ಸೇರುವುದು ಅಲ್ಲಿಗೇ. ಮಕ್ಕಳಿದ್ದವರು ಇನ್ನೊಂದನ್ನು ಗಮನಿಸಬೇಕು. ಮರಳಿನ ಮೇಲೆ ಸಣ್ಣಗೆ ಹರಿದು ಕಡಲು ಸೇರುವ ಬೆಚ್ಚಗಿನ ತೊರೆಯೊಂದು ಇರುತ್ತದಲ್ಲ, ಅಲೆಯಿಲ್ಲ, ಆಳವಿಲ್ಲ ಎಂದು ಮಕ್ಕಳನ್ನು ಅದರಲ್ಲೇ ಆಡಲು ಬಿಡುತ್ತಾರೆ. ನಗರದಲ್ಲಿ ಅದು ಬಹುಪಾಲು ಚರಂಡಿಯ ಬಾಯಿ. ಅದರ ಉದ್ದಕ್ಕೂ ಮೇಲೆ ನಡೆದು ಎಲ್ಲಿಂದ ಬರುತ್ತಿದೆ ಎಂದು ಒಮ್ಮೆ ನೋಡಿ ಬನ್ನಿ, ಆಮೇಲೆ ನೀವೇ ಬಿಡುವುದಿಲ್ಲ.

ಕಾವಲಿನವರಿಲ್ಲದ ಕಡೆ ಪಾಚಿಯೇ ಒಂದು ಎಚ್ಚರಿಕೆ ಕೊಡುತ್ತದೆ. ಅಕ್ಕಪಕ್ಕದಲ್ಲಿ ಅಲೆ ಒಡೆಯುತ್ತಿದ್ದು ಮಧ್ಯೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ತುಸು ಕಪ್ಪಾಗಿ ಕಂಡರೆ, ಅಲ್ಲಿ ನೊರೆ ಮತ್ತು ಪಾಚಿಯ ಎಳೆಗಳು ದಡ ಬಿಟ್ಟು ಒಳಗೆ ಸಾಗುತ್ತಿದ್ದರೆ, ಅದು ಸೆಳೆತ. ಅಲ್ಲಿ ಇಳಿಯಬೇಡಿ. ಸಿಕ್ಕಿಬಿದ್ದರೆ ದಡದ ಕಡೆಗೆ ಗುದ್ದಾಡದೆ ತೇಲುತ್ತ ಕೈಯೆತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ.

ಸೌಲಭ್ಯ ಇಲ್ಲವೆಂದೇ ಅಂದುಕೊಂಡು ಹೊರಡಿ. ಶೌಚಾಲಯದ ಕೆಲಸ ಮನೆಯಲ್ಲೋ ದಾರಿಯಲ್ಲೋ ಮುಗಿಯಲಿ. ವಯಸ್ಸಾದ ಹೆಂಗಸರು ಇದೊಂದೇ ಕಾರಣಕ್ಕೆ ನೀರು ಕುಡಿಯದೆ ಬಿಸಿಲಲ್ಲಿ ಕೂರುತ್ತಾರೆ, ಅಮ್ಮನೂ ಹಾಗೇ ಮಾಡುತ್ತಿದ್ದಳು. ಆದ್ದರಿಂದ ಹತ್ತಿರದ ತೆರೆದ ಶೌಚಾಲಯ ಎಲ್ಲಿದೆ, ನಡೆದರೆ ಎಷ್ಟು ನಿಮಿಷ ಎಂದು ಮೊದಲೇ ತಿಳಿದುಕೊಂಡು ಅವರಿಗೆ ಹೇಳಿಬಿಡಿ. ನೆರಳು ಸಿಗುವುದಿಲ್ಲ, ಕೊಡೆ ಇರಲಿ. ಚಪ್ಪಲಿಗೆ ಹಿಮ್ಮಡಿಯ ಪಟ್ಟಿ ಬೇಕೇ ಬೇಕು, ಇಲ್ಲದಿದ್ದರೆ ಪಾಚಿ ಅದನ್ನು ಕಾಲಿಂದ ಎಳೆದುಕೊಳ್ಳುತ್ತದೆ. ಬಟ್ಟೆ ಬದಲಿಸಲು ಎರಡು ಹಳೆ ಟವೆಲ್ ಸೇರಿಸಿ, ತಲೆ ತೂರುವಷ್ಟು ಕತ್ತು ಬಿಟ್ಟು ಹೊಲಿದಿಟ್ಟುಕೊಂಡಿದ್ದೇನೆ.

ಕಾಲು ತೊಳೆಯಲು ಮುಚ್ಚಳಕ್ಕೆ ಏಳೆಂಟು ತೂತು ಕೊರೆದ ಒಂದು ಲೀಟರಿನ ಬಾಟಲಿ, ತಲೆಗೊಂದರಂತೆ. ಮರಳನ್ನು ಒದ್ದೆಯಿದ್ದಾಗ ಉಜ್ಜಬೇಡಿ, ಒಣಗಲು ಬಿಡಿ. ಟಾಲ್ಕಮ್ ಪೌಡರ್ ಉದುರಿಸಿ ಒಣಬಟ್ಟೆಯಲ್ಲಿ ಒರೆಸಿದರೆ ಮುಕ್ಕಾಲು ಪಾಲು ಹೋಗುತ್ತದೆ, ಉಳಿದದ್ದಕ್ಕೆ ಬಾಟಲಿಯ ನೀರು ಧಾರಾಳ ಸಾಕು. ಕಸಕ್ಕೊಂದು ಚೀಲ, ಒದ್ದೆ ಬಟ್ಟೆಗೆ ಇನ್ನೊಂದು. ಒದ್ದೆ ಬಟ್ಟೆಯ ಚೀಲವನ್ನು ಮನೆಗೆ ಬಂದ ಕೂಡಲೇ ಬಿಚ್ಚಿ, ಬಟ್ಟೆಯನ್ನು ಹೊರಗೆ ಒಮ್ಮೆ ಕೊಡವಿ, ಸಿಹಿನೀರಲ್ಲಿ ನೆನೆಹಾಕಿ. ಜೇಬಿನಲ್ಲಿ ಪಾಚಿಯ ಗುಳ್ಳೆಗಳಿವೆಯೇ ನೋಡಿ, ನಮ್ಮ ಮಗನ ಜೇಬಿನಲ್ಲಂತೂ ಪ್ರತಿ ಸಲವೂ ಇರುತ್ತವೆ.